ಬೆನ್ನ ಮೇಲಿನ ಬಿಸಿ

“ಮೆಂಬರ್ ಮೇಡಂ ಬಂದ್ರು ನೋಡಿ. ಇನ್ನು ಯಾವ ಮೆಷೀನ್ ಕೆಟ್ಟಿದೆ ಅಂತ ನಮಗಿಂತ ಮೊದಲು ಇವರಿಗೇ ಗೊತ್ತಾಗೋದು.”

ವಿಜ್ಞಾನ ಮ್ಯೂಸಿಯಂನ ಬಾಗಿಲಲ್ಲಿ ಅವನು ಹೀಗೆ ಕಾಲೆಳೆದಾಗಲೆಲ್ಲ ನಾನು ಮುಖ ಗಂಟಿಕ್ಕಿಕೊಳ್ಳುತ್ತಿದ್ದೆ. ಒಳಗೊಳಗೇ ಹಿಗ್ಗುತ್ತಿದ್ದೆ. ಎಲ್ಲವನ್ನೂ ಮುಟ್ಟಿ, ತಿರುಗಿಸಿ, ಎಳೆದು ನೋಡಬಹುದಾದ ಆ ಮ್ಯೂಸಿಯಂಗೆ ನಾನು ವರ್ಷಗಳಿಂದ ಸದಸ್ಯೆ. ಬಂದವರಿಗೆ ಪ್ರಯೋಗ ತೋರಿಸಿ ವಿವರಿಸುವುದು ಅವನ ಕೆಲಸ. ನೀಲಿ ಕೋಟು, ಜೇಬಿನಲ್ಲಿ ಸದಾ ಕಟಕಟ ಅನ್ನುವ ಅಯಸ್ಕಾಂತಗಳು, ತುಟಿಗಿಂತ ಮೊದಲೇ ನಗುವ ಎಡಗಣ್ಣು. ನನ್ನದು ಔಷಧಿ ಅಂಗಡಿ. ವಾರವಿಡೀ ಕೆಮ್ಮು, ಜ್ವರ, ಹೊಟ್ಟೆನೋವಿನ ಮುಖಗಳನ್ನೇ ನೋಡುವವಳಿಗೆ ಭಾನುವಾರ ಆ ಒಂದು ಮುಖ ಸಾಕಾಗಿತ್ತು.

ಹೊಸ ಪ್ರಯೋಗ ಬಂದರೆ ಮೊದಲು ನನ್ನನ್ನೇ ಕರೆಯುತ್ತಿದ್ದ. “ಮಕ್ಕಳಿಗೆ ತೋರಿಸೋಕೆ ಮುಂಚೆ ನಿಮಗೆ ತೋರಿಸ್ತೀನಿ ಮೇಡಂ. ನೀವು ಒಪ್ಪಿದ್ರೆ ಪಾಸ್.”

ಇದನ್ನು ನಾನು ಪ್ರೀತಿ ಅಂದುಕೊಂಡೆ. ನನ್ನ ಜಾಗದಲ್ಲಿ ಯಾರಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದರು ಎಂದು ಈಗಲೂ ವಾದಿಸುತ್ತೇನೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಶಾಖದ ಕೋಣೆ. ಮಬ್ಬುಗತ್ತಲೆ, ಎದುರಿಗೆ ಒಂದು ಕ್ಯಾಮೆರಾ, ಅದರ ಪಕ್ಕ ದೊಡ್ಡ ಪರದೆ. ಬಿಸಿ ಇರುವ ಕಡೆ ಹಳದಿ, ಕೆಂಪು. ತಣ್ಣಗಿರುವ ಕಡೆ ನೀಲಿ. ಒಮ್ಮೆ ಅವನು ನನ್ನ ಮಣಿಕಟ್ಟು ಹಿಡಿದು, ಅಂಗೈಯನ್ನು ಹಿಂದಿನ ಗೋಡೆಗೆ ಒತ್ತಿಸಿ ಬಿಡಿಸಿದ. ಗೋಡೆ ಖಾಲಿಯಾಗಿತ್ತು. ಪರದೆಯ ಮೇಲೆ ಮಾತ್ರ ನನ್ನ ಐದೂ ಬೆರಳು ಹಳದಿಯಾಗಿ ಉಳಿದಿದ್ದವು.

“ಕೈ ತೆಗೆದ್ರೂ ಬಿಸಿ ಸ್ವಲ್ಪ ಹೊತ್ತು ಇರುತ್ತೆ. ಗೋಡೆ ಮೇಲಾಗಲಿ, ಬಟ್ಟೆ ಮೇಲಾಗಲಿ. ನಮ್ಮ ಕಣ್ಣಿಗೆ ಕಾಣಲ್ಲ, ಇದಕ್ಕೆ ಕಾಣುತ್ತೆ.”

“ಹಾಗಾದ್ರೆ ಕಳ್ಳರಿಗೆ ಕಷ್ಟ,” ಎಂದೆ.

“ಕಳ್ಳರಿಗೆ ಮಾತ್ರನಾ?” ಎಂದು ಹುಬ್ಬು ಹಾರಿಸಿದ. ಆ ವಾರ ಮಾತ್ರೆ ಕೇಳಿದವರಿಗೆಲ್ಲ ಸಿರಪ್ಪು ತೆಗೆದುಕೊಟ್ಟೆ.

ನನ್ನ ಕಾರ್ಡಿನಲ್ಲಿ ಜೊತೆಗೊಬ್ಬರನ್ನು ಕರೆದೊಯ್ಯಬಹುದಿತ್ತು. ನಾನು ಕರೆದೊಯ್ಯುತ್ತಿದ್ದದ್ದು ತಂಗಿಯನ್ನು. ಮೊದಮೊದಲು “ಈ ಬೋರು ಜಾಗಕ್ಕೆ ನಾನ್ಯಾಕೆ ಅಕ್ಕಾ?” ಎಂದು ಮೂಗು ಮುರಿಯುತ್ತಿದ್ದವಳು, ಈಚೆಗೆ ನನಗಿಂತ ಮೊದಲೇ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದಳು. ವಿಜ್ಞಾನದ ರುಚಿ ಹತ್ತಿಸಿದೆ ಎಂದು ನಾನು ಬೀಗುತ್ತಿದ್ದೆ.

ಆ ಭಾನುವಾರ ಬಸ್ಸಿನಲ್ಲಿ ಅವಳಿಗೆ ಹೇಳಿದೆ. “ಇವತ್ತು ಅವರಿಗೆ ಹೇಳಿಬಿಡ್ತೀನಿ ಕಣೆ.”

“ಏನನ್ನ?”

“ಇಷ್ಟ ಅಂತ. ಇನ್ನೂ ಎಷ್ಟು ದಿನ ಆ ಪೆಂಡುಲಂ ಥರ ಅತ್ಲಾಗೂ ಇತ್ಲಾಗೂ ಓಲಾಡ್ಲಿ?”

ಅವಳು ನಗಲಿಲ್ಲ. ಕಿಟಕಿಯ ಕಡೆ ತಿರುಗಿ ಕೂತಳು. ಇಳಿಯುವಾಗ, “ನೀನು ಶಾಖದ ಕೋಣೆಲಿರು ಅಕ್ಕಾ. ನಾನೇ ಹೋಗಿ ಕರ್ಕೊಂಡ್ಬರ್ತೀನಿ,” ಎಂದಳು. ಎಂಥ ತಂಗಿಯನ್ನು ಪಡೆದಿದ್ದೇನೆ ಎಂದುಕೊಂಡೆ.

ಕೋಣೆಯಲ್ಲಿ ಯಾರೂ ಇರಲಿಲ್ಲ. ಪರದೆಯ ಮೇಲೆ ನನ್ನ ಕೆನ್ನೆ ಕೆಂಪಗೆ, ಬೆರಳ ತುದಿಗಳು ನೀಲಿ. ಹೇಳಬೇಕಾದದ್ದನ್ನು ಪರೀಕ್ಷೆಗೆ ಕೂತವಳ ಹಾಗೆ ಉರು ಹೊಡೆಯುತ್ತ ನಿಂತೆ. ತುಂಬಾ ಹೊತ್ತಾಯಿತು.

ಕೊನೆಗೆ ತಂಗಿ ಬಂದಳು. “ಬರ್ತಿದ್ದಾರೆ,” ಎಂದಳು. ಮೂಗು ಒರೆಸಿಕೊಂಡಳು. ನನಗೆ ಮುಖ ತೋರಿಸಲಾರದೆ ಹಿಂದಿನ ಗೋಡೆಯ ಕಡೆ ತಿರುಗಿ ನಿಂತಳು. ಕ್ಯಾಮೆರಾಗೆ ಅವಳ ಬೆನ್ನು ಸಿಕ್ಕಿತು.

ಪರದೆಯ ಮೇಲೆ ಅವಳ ಎರಡು ಭುಜಗಳ ನಡುವೆ ಒಂದು ಅಂಗೈ ಮೂಡಿತ್ತು. ಐದೂ ಬೆರಳು, ಸ್ಪಷ್ಟವಾಗಿ, ಹಳದಿ. ಅಳುತ್ತಿರುವವಳನ್ನು ಸಮಾಧಾನ ಮಾಡಲು ಯಾರೋ ಬಹಳ ಹೊತ್ತು ಇಟ್ಟು, ಈಗಷ್ಟೇ ತೆಗೆದ ಕೈ.

ಅಷ್ಟರಲ್ಲಿ ಅವನು ಒಳಗೆ ಬಂದ. ಪರದೆಯತ್ತ ಕಣ್ಣು ಹೋದದ್ದೇ ತಡ, ದಾಪುಗಾಲಿಟ್ಟು ಬಂದು ಅವಳಿಗೂ ಕ್ಯಾಮೆರಾಗೂ ನಡುವೆ ಅಡ್ಡ ನಿಂತ. ಆ ಕೈ ಯಾರದೆಂದು ನನಗೆ ಉಳಿದಿದ್ದ ಚೂರುಪಾರು ಅನುಮಾನವೂ ಅಲ್ಲಿಗೆ ಮುಗಿಯಿತು. ಪಾಪ, ತಂಗಿಗೆ ಏನೂ ತಿಳಿಯದು. ಅವಳಿನ್ನೂ ಗೋಡೆ ನೋಡುತ್ತಿದ್ದಳು.

“ಏನೋ ಹೇಳ್ಬೇಕು ಅಂದ್ರಂತೆ...” ಎಂದ. ಯಾವಾಗಲೂ ಜೊತೆಗಿರುತ್ತಿದ್ದ “ಮೇಡಂ” ಬರಲಿಲ್ಲ.

“ಕಾರ್ಡ್ ಈ ತಿಂಗಳು ಮುಗಿಯುತ್ತೆ,” ಎಂದೆ. “ರಿನ್ಯೂ ಮಾಡ್ಸಲ್ಲ. ಅಷ್ಟೇ.”

ತಂಗಿ ತಿರುಗಿದಳು. “ಅಕ್ಕಾ, ನಿಂಗೆ ಯಾವತ್ತೋ ಹೇಳ್ಬೇಕಿತ್ತು. ಧೈರ್ಯ ಬರ್ಲಿಲ್ಲ ಕಣೇ.”

“ಬಾಯಿ ಮುಚ್ಚು.”

ಅವಳ ಮೇಲೆ ಹೊಟ್ಟೆಕಿಚ್ಚು ಭುಗಿಲೆಂದಿತು. ನನ್ನ ಕಾರ್ಡಿನಲ್ಲೇ, ನಾನೇ ಕೈಹಿಡಿದು ಒಳಗೆ ಕರೆತಂದಿದ್ದೆನಲ್ಲ ಎಂದು ನನ್ನ ಮೇಲೂ ಮೈಯುರಿಯಿತು. ಕಣ್ಣು ತುಂಬಿ ಬಂತು. ಕತ್ತಲೆಯಲ್ಲಿ ಕಣ್ಣೀರು ಕಾಣುವುದಿಲ್ಲ, ನಿಜ. ಆದರೆ ಒದ್ದೆ ಆರುತ್ತ ಬಂದ ಹಾಗೆ ಕೆನ್ನೆ ತಣ್ಣಗಾಗಿ, ಆ ಪರದೆಯಲ್ಲಿ ನೀಲಿ ಗೆರೆ ಬೀಳುತ್ತದೆ. ಅದನ್ನೂ ಹೇಳಿಕೊಟ್ಟವನು ಅವನೇ. ತಟ್ಟನೆ ಗೋಡೆಗೆ ಮುಖ ಮಾಡಿ ಕ್ಯಾಮೆರಾಗೆ ಬೆನ್ನು ಕೊಟ್ಟೆ.

ಅವನು ಪಕ್ಕಕ್ಕೆ ಸರಿದ ಸದ್ದಾಯಿತು. ಈಗ ಪರದೆಯ ಮೇಲೆ ಇರುವುದು ನನ್ನ ಬೆನ್ನು.

“ನೋಡಿ ಹೇಳಿ,” ಎಂದೆ. “ನನ್ನ ಬೆನ್ನ ಮೇಲೆ ಏನಾದ್ರೂ ಕಾಣುತ್ತಾ?”

ಬೇರೆ ಯಾರಾದರೂ ಆಗಿದ್ದರೆ ಏನಾದರೂ ಹೇಳಿ ಮಾತು ಮರೆಸುತ್ತಿದ್ದರು. ಇವನಿಗೆ ಕಂಡದ್ದನ್ನು ಕಂಡ ಹಾಗೇ ಹೇಳಿ ಅಭ್ಯಾಸವಾಗಿಬಿಟ್ಟಿದೆ.

“ಏನೂ ಇಲ್ಲ,” ಎಂದ. ಆಮೇಲೆ ಮೆತ್ತಗೆ, ಇನ್ನು ಮುಂದೆ ಹೀಗೇ ಕರೆಯಬೇಕಲ್ಲ ಎಂದು ಅಭ್ಯಾಸ ಮಾಡುವವನಂತೆ ಮತ್ತೆ ಹೇಳಿದ.

“ಏನೂ ಇಲ್ಲ ಅಕ್ಕಾ.”