ಕಾಲಿನ್ ಥ್ವೇಟ್‌ನಿಗಾಗಿ ಬಗ್ಗಬೇಕಾದ ಧ್ವಜ

ನವೆಂಬರ್ ಹನ್ನೆರಡು, ಬುಧವಾರ. ಇಂಗ್ಲೆಂಡಿನ ಸೇನಾ ನೆಲೆಯ ಊರು ಕ್ಯಾಟರಿಕ್. ಅಲ್ಲಿನ ಪೊಲೀಸ್ ಠಾಣೆಯ ಬಾಗಿಲು ತೆರೆಯುತ್ತಿದ್ದಂತೆ ಮಾಜಿ ಸೈನಿಕರ ಕ್ಲಬ್ಬಿನ ಕಾರ್ಯದರ್ಶಿ ನೆವಿಲ್ ಏದುಸಿರು ಬಿಡುತ್ತ ಬಂದ. ಕ್ಲಬ್ಬಿನ ಕಪಾಟಿನಲ್ಲಿದ್ದ ರೆಜಿಮೆಂಟಿನ ಧ್ವಜ ಕಳುವಾಗಿತ್ತು.

"ನಾಳೆ ಕಾಲಿನ್ ಥ್ವೇಟ್‌ನ ಮಣ್ಣು ಮಾಡ್ತೀವಿ ಸಾರ್. ಪೆಟ್ಟಿಗೆ ಮುಂದೆ ಗೌರವಕ್ಕೆ ಧ್ವಜ ಬಗ್ಗಿಸದೆ ನಮ್ಮವನನ್ನ ಕಳಿಸೋದುಂಟಾ?"

ಇನ್ಸ್‌ಪೆಕ್ಟರ್ ಅಲನ್ ಮೆಟ್ಕಾಫ್ ದೂರು ದಾಖಲಿಸಿಕೊಂಡು, ಕಾನ್‌ಸ್ಟೇಬಲ್ ಬೆತ್‌ಳೊಂದಿಗೆ ಕ್ಲಬ್ಬಿಗೆ ಹೋದ. ಪಂಚನಾಮೆಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಕಪಾಟಿನ ಗಾಜು ಒಡೆದಿರಲಿಲ್ಲ, ಬೀಗ ಹಾಕಿದಂತೆಯೇ ಇತ್ತು. ಪಕ್ಕದ ಬೆಳ್ಳಿ ಬಟ್ಟಲುಗಳೂ ಇದ್ದವು. ಬೆಳ್ಳಿ ಬಿಟ್ಟು ಬಟ್ಟೆ ಒಯ್ಯುವ ಕಳ್ಳನನ್ನು ಮೆಟ್ಕಾಫ್ ತನ್ನ ಸರ್ವಿಸಿನಲ್ಲೇ ಕಂಡಿರಲಿಲ್ಲ.

"ಕೀಲಿಕೈ ಯಾರ ಹತ್ರ ಇದೆ?"

"ನನ್ನ ಹತ್ರ ಒಂದು. ಧ್ವಜ ಹಿಡಿಯೋ ಗ್ಯಾರೆತ್ ಹತ್ರ ಒಂದು."

"ಗ್ಯಾರೆತ್‌ಗಿಂತ ಮುಂಚೆ ಯಾರು ಹಿಡೀತಿದ್ರು?"

ನೆವಿಲ್ ಮುಖ ತಿರುಗಿಸಿದ. "ಕಾಲಿನ್ನೇ. ಮಂಡಿ ಹೋದಮೇಲೆ ಬಿಟ್ಟ. ಕೀಲಿಕೈ ವಾಪಸ್ ಕೇಳೋಕೆ ನಮಗೆ ಬಾಯಿ ಬರಲಿಲ್ಲ."

ಮೆಟ್ಕಾಫ್‌ನಿಗೆ ಆ ಮೂರನೆಯ ಕೀಲಿಕೈ ಈಗ ಯಾರ ಕೈಯಲ್ಲಿದೆ ಎಂದು ಹೊಳೆಯಿತು. ಕಾಲಿನ್‌ನ ಹೆಂಡತಿ ಮೊಯ್ರಾ ಎರಡು ವರ್ಷದ ಹಿಂದೆ ಇದೇ ಗ್ಯಾರೆತ್‌ನ ಮೇಲೆ ದೂರು ಹೊತ್ತು ಠಾಣೆಗೆ ಬಂದಿದ್ದಳು. ಅವನು ಸೇನೆ ಬಿಟ್ಟು ಪಿಂಚಣಿ ಸಲಹೆಗಾರನಾಗಿದ್ದ. ತಪ್ಪು ಸಲಹೆ ಪೊಲೀಸ್ ಕೇಸಾಗುವುದಿಲ್ಲ, ಪರಿಹಾರಕ್ಕೆ ಅರ್ಜಿ ಹಾಕಿ ಎಂದು ಮೆಟ್ಕಾಫ್ ಸಾಗಹಾಕಿದ್ದ.

ಇಬ್ಬರೂ ಮನೆಗೆ ಹೋದಾಗ ಮೊಯ್ರಾ ತಾನೇ ಬಾಗಿಲು ತೆರೆದಳು. ಧ್ವಜ ಇಸ್ತ್ರಿ ಮೇಜಿನ ಮೇಲೆ ನೀಟಾಗಿ ಮಡಿಚಿ ಕೂತಿತ್ತು.

"ಬರ್ತೀರಿ ಅಂತ ಗೊತ್ತಿತ್ತು ಇನ್ಸ್‌ಪೆಕ್ಟ್ರೇ. ಟೀ ಕುಡೀರಿ."

"ಯಾಕೆ ತಗೊಂಡ್ರಿ?"

"ಗ್ಯಾರೆತ್ ಮಾತು ಕೇಳಿ ಇವರು ಪಿಂಚಣೀನ ಸೇನೆಯಿಂದ ಬಿಡಿಸಿ ಬೇರೆ ಕಡೆ ಹಾಕಿದ್ರು. ಮುಳುಗಿಹೋಯ್ತು. ಅಲ್ಲೇ ಇದ್ದಿದ್ರೆ ಇವರು ಹೋದಮೇಲೂ ನಾನು ಸಾಯೋತನಕ ಅರ್ಧ ಪಿಂಚಣಿ ಬರ್ತಿತ್ತು. ಈಗ ಅವನೇ ನನ್ನ ಗಂಡನ ಪೆಟ್ಟಿಗೆ ಮುಂದೆ ಧ್ವಜ ಬಗ್ಗಿಸ್ಬೇಕಾ?"

"ಪರಿಹಾರ ಕೇಳಿ ಅಂದಿದ್ದೆನಲ್ಲ?"

"ಕೇಳಿದ್ವಿ. ಸಲಹೆ ಕೊಟ್ಟೋರು ಯಾರು ಅಂದ್ರು ಆ ಆಫೀಸಿನವರು. ಈ ಮಹಾರಾಯ್ರು, ಯಾರೂ ಇಲ್ಲ, ನಾನೇ ಯೋಚಿಸಿ ಮಾಡಿದ್ದು ಅಂದ್ಬಿಟ್ರು! ಬಾಸ್ನಿಯಾ ಯುದ್ಧದಲ್ಲಿ ಒಂದೇ ಗುಡಾರದಲ್ಲಿ ಮಲಗಿದ್ದವನ ಹೆಸರು ಬಿಟ್ಟುಕೊಡಲ್ಲವಂತೆ. ಅರ್ಜಿ ಬಿದ್ದುಹೋಯ್ತು." ಮೊಯ್ರಾ ನಕ್ಕಳು. ನಗು ಅರ್ಧಕ್ಕೇ ಅಳುವಾಯಿತು.

"ಸುಡೋಣ ಅಂತಲೇ ತಂದೆ. ಸುಕ್ಕಾಗಿತ್ತು, ಇಸ್ತ್ರಿ ಮಾಡಿದೆ. ಇವರು ಹಿಡೀತಿದ್ದಾಗ ನಾನೇ ಮಾಡ್ತಿದ್ನಲ್ಲ, ಕೈ ಕೇಳಲಿಲ್ಲ."

ಮೆಟ್ಕಾಫ್ ಕಾನೂನಿನ ಮಾತುಗಳನ್ನು ಓದಿಹೇಳಿ ಅವಳನ್ನು ಬಂಧಿಸಿದ. ಬೆತ್ ಅವಳ ಕೋಟು ತಂದುಕೊಟ್ಟಳು.

"ಸಂಜೆಗೆ ಜಾಮೀನು ಸಿಗತ್ತೆ," ಎಂದ ಮೆಟ್ಕಾಫ್. "ನಾಳೆ ಮಣ್ಣಿಗೆ ನೀವು ಅಲ್ಲಿರ್ತೀರಿ."

"ಧ್ವಜ?"

"ಕ್ಲಬ್ಬಿನ ಸ್ವತ್ತು. ಸಾಕ್ಷಿಗೆ ಫೋಟೊ ತೆಗೆದು ವಾಪಸ್ ಕೊಡ್ಬೇಕು."

ಸಂಜೆ ಧ್ವಜ ಒಪ್ಪಿಸುವಾಗ, ಬೇರೆ ಯಾರಾದರೂ ಹಿಡಿಯಲಿ ಎಂದು ಮೆಟ್ಕಾಫ್ ನೆವಿಲ್‌ನನ್ನು ಕೇಳಿನೋಡಿದ. ಬೇಡಿಕೊಂಡ ಎಂದರೂ ಸರಿಯೇ.

"ಉಳಿದವರಿಗೆಲ್ಲ ಕೈ ನಡುಗತ್ತೆ ಸಾರ್. ಅಲ್ದೆ ಕಾಲಿನ್ನೇ ಅವನ ಹೆಸರು ಹೇಳಲಿಲ್ಲ. ನಾವು ಹೇಗೆ ಹೇಳೋಣ?"

ಗುರುವಾರ ಚರ್ಚಿನ ಅಂಗಳದಲ್ಲಿ ಗ್ಯಾರೆತ್ ಬಿಳಿ ಕೈಗವಸು ತೊಟ್ಟು, ಪೆಟ್ಟಿಗೆಯ ಮುಂದೆ ಧ್ವಜವನ್ನು ನೆಲದತನಕ ಬಗ್ಗಿಸಿದ. ಒಂದು ಸುಕ್ಕಿರಲಿಲ್ಲ. ಮೊಯ್ರಾ ಪಕ್ಕದಲ್ಲಿ ನಿಂತಿದ್ದ ಮೆಟ್ಕಾಫ್‌ನ ಕಡೆ ತಿರುಗಿದಳು.

"ಇಸ್ತ್ರಿ ಚೆನ್ನಾಗಾಗಿದೆ, ಅಲ್ವಾ?"