ವಜಾ ವಾರದ ಬಾಚೊಯ್

ಡೆಲ್ಫಾ ಮುತ್ತಿನ ಓಲೆ ಹಾಕಿಕೊಂಡು ಬಂದಿದ್ದಳು. ಕೆಲಸದಿಂದ ತೆಗೆಸಿಕೊಳ್ಳಲು ಯಾರೂ ಓಲೆ ಹಾಕಿಕೊಂಡು ಬರುವುದಿಲ್ಲ.

ಇಲೊಯಿಲೊ ಪಟ್ಟಣದ ಆ ಕಾಲೇಜಿನಲ್ಲಿ ಬಿಸಿನೆಸ್ ಅಡ್ಮಿನಿಸ್ಟ್ರೇಷನ್ ಕೊನೆಯ ವರ್ಷದವರನ್ನು ಪುಟ್ಟ ಪುಟ್ಟ ಕಂಪನಿಗಳಾಗಿ ಹಂಚುತ್ತಾರೆ. ಪ್ರತಿ ಕಂಪನಿಗೂ ಒಬ್ಬ ಪ್ರೆಸಿಡೆಂಟ್, ಮಾರಲು ಒಂದು ಸರಕು. ವರ್ಷದ ನಡುವೆ ಬರುವುದು ವಜಾ ವಾರ. ಪ್ರತಿ ಪ್ರೆಸಿಡೆಂಟ್ ತನ್ನವರಲ್ಲಿ ಒಬ್ಬರನ್ನು ತೆಗೆದುಹಾಕಲೇಬೇಕು. "ಒಬ್ಬರನ್ನ ತೆಗೆಯೋಕೆ ಕೈ ನಡುಗಿದ್ರೆ ಮ್ಯಾನೇಜರ್ ಆಗ್ಬೇಡಿ, ಚರ್ಚಲ್ಲಿ ಹಾಡಿ" ಅನ್ನುತ್ತಾರೆ ಹಿಪೋನಿಯಾ ಮ್ಯಾಮ್. ಹಾಗೆ ಹೊರಬಿದ್ದವರನ್ನು ಬೇರೆ ಕಂಪನಿ ಶುಕ್ರವಾರದೊಳಗೆ ಸೇರಿಸಿಕೊಳ್ಳದಿದ್ದರೆ ಅವರಿಗೆ ಆ ವರ್ಷ ಪದವಿ ಇಲ್ಲ.

ಈ ಕ್ರೌರ್ಯಕ್ಕೂ ಒಂದು ಮರ್ಯಾದೆ ಇದೆ. ಪ್ರೆಸಿಡೆಂಟ್ ತಾನೇ ಕರೆದುಕೊಂಡು ಹೋಗಿ, ಲಾ ಪಾಸ್ ಮಾರ್ಕೆಟ್ಟಿನಲ್ಲಿ ಒಂದು ಬಟ್ಟಲು ಬಿಸಿ ಬಾಚೊಯ್, ಅಂದರೆ ನೂಡಲ್ಸಿನ ಸಾರು, ಕೊಡಿಸಿ, ಎದುರು ಕೂತು ಹೇಳಬೇಕು. ಹಾಗಾಗಿ ಆ ವಾರ ಪ್ರೆಸಿಡೆಂಟ್ "ಬಾಚೊಯ್ ತಿನ್ನೋಣ ಬಾ" ಅಂದರೆ ಎಂಥ ದಡ್ಡರಿಗೂ ವಿಷಯ ತಿಳಿಯುತ್ತದೆ.

ಡೆಲ್ಫಾಗೂ ತಿಳಿಯಬೇಕಿತ್ತು. ಆದರೆ ಕರೆದವನು ಕ್ಲೆಂಟ್.

ಅವರದು ನುಗ್ಗೆಸೊಪ್ಪಿನ ಬಿಸ್ಕತ್ತಿನ ಕಂಪನಿ. ವರ್ಷವೂ ಯಾರೋ ಒಬ್ಬರು ನುಗ್ಗೆಸೊಪ್ಪು ತಂದೇ ತರುತ್ತಾರೆ, ಪರೀಕ್ಷಕರು ವರ್ಷವೂ ಆಕಳಿಸುತ್ತಾರೆ. ಈ ಸಲ ಆಕಳಿಸದೆ ಎರಡನೇ ಬಿಸ್ಕತ್ತಿಗೆ ಕೈ ಚಾಚಿದ್ದರೆ ಅದು ಡೆಲ್ಫಾಳ ಕೈಗುಣ. ಹಿಟ್ಟು ನಾದುವಾಗ ಕ್ಲೆಂಟ್ ಹಿಂದೆ ಬಂದು ನಿಲ್ಲುತ್ತಿದ್ದ. ಅವಳ ಕೆನ್ನೆಗೆ ಅಂಟಿದ ಹಿಟ್ಟನ್ನು ಹೆಬ್ಬೆರಳಿನಿಂದ ಒರೆಸಿ, ಒರೆಸಿದ ಮೇಲೂ ಬೆರಳು ತೆಗೆಯುತ್ತಿರಲಿಲ್ಲ.

"ಇನ್ನೂ ಇದೆಯಾ?" ಅಂತ ಅವಳು ಕೇಳಿದರೆ, "ಇಲ್ಲ. ಸುಮ್ನೆ" ಅನ್ನುತ್ತಿದ್ದ.

ಆ 'ಸುಮ್ನೆ'ಯ ಮೇಲೆ ಅವಳು ಮನೆ ಕಟ್ಟಿ, ಕಿಟಕಿಗೆ ಪರದೆಯನ್ನೂ ಹಾಕಿದ್ದಳು. ಹಾಂಗ್‌ಕಾಂಗಿನಲ್ಲಿ ಮನೆಗೆಲಸಕ್ಕಿರುವ ತಾಯಿಗೆ ಫೋನಿನಲ್ಲಿ ಅವನ ಹೆಸರನ್ನೂ ಹೇಳಿಬಿಟ್ಟಿದ್ದಳು. ಮಗಳ ಪದವಿ ನೋಡಲು ತಾಯಿ ಆಗಲೇ ರಜೆ ಕೇಳಿ, ವಿಮಾನದ ಟಿಕೆಟ್ ತೆಗೆಸಿದ್ದಳು. ಅದು ಕ್ಲೆಂಟ್‌ಗೆ ಗೊತ್ತಿತ್ತು.

ಬಾಚೊಯ್ ಬಂತು. ಹಬೆಯಾಡುವ ನೂಡಲ್ಸು, ಮೇಲೆ ಹಂದಿಯ ಗರಿಗರಿ ಚರ್ಮ. ಕ್ಲೆಂಟ್ ತನ್ನ ಬಟ್ಟಲಿನ ಮೂಳೆ ಎತ್ತಿ, ಅದರೊಳಗಿನ ಮಜ್ಜೆಯನ್ನು ಅವಳ ಬಟ್ಟಲಿಗೆ ಜಾರಿಸಿದ. ಅವಳು ಓಲೆ ಸರಿಮಾಡಿಕೊಂಡಳು.

"ಓಲೆ ಚೆನ್ನಾಗಿದೆ."

"ಹೇಳೋದು ಬೇಗ ಹೇಳು ಮಾರಾಯ."

"ಕೋಪ ಮಾಡ್ಕೋಬಾರದು."

"ಯಾಕೆ ಮಾಡ್ಕೊಳ್ಲಿ?" ಅವಳು ನಕ್ಕಳು.

"ನೋನಿನ ತೆಗೆಯೋಕಾಗಲ್ಲ ಡೆಲ್ಫಾ. ಅವನು ಸೋಮಾರಿ, ನಿಜ. ಆದ್ರೆ ಓವನ್ ಅವನ ಮನೇದು. ಉಳಿದವರನ್ನ ತೆಗೆದ್ರೆ ಜನ್ಮಪೂರ್ತಿ ನನ್ ಮುಖ ನೋಡಲ್ಲ." ಅವನು ಅವಳ ಕೈ ಹಿಡಿದುಕೊಂಡ. ಅವನಾಗಿ ಹಿಡಿದದ್ದು ಅದೇ ಮೊದಲು. "ನೀನಾದ್ರೆ ಅರ್ಥ ಮಾಡ್ಕೋತೀಯ."

ಹಿಡಿದ ಕೈಯನ್ನು ನೋಡುವುದೋ ಕೇಳಿದ ಮಾತನ್ನು ನಂಬುವುದೋ ಅವಳಿಗೆ ತಿಳಿಯಲಿಲ್ಲ. ತನ್ನನ್ನು ತೆಗೆದದ್ದು ಕೆಲಸ ಬಾರದ್ದಕ್ಕಲ್ಲ, ಅವನನ್ನು ಪ್ರೀತಿಸಿದ್ದಕ್ಕೆ. ಪ್ರೀತಿಸುವವಳು ಕ್ಷಮಿಸುತ್ತಾಳೆ, ಹಾಗಾಗಿ ಅವಳೇ ಅಗ್ಗ. ಡೆಲ್ಫಾ ಆ ಮಜ್ಜೆಯನ್ನು ಬಟ್ಟಲಿನಲ್ಲೇ ಬಿಟ್ಟು ಎದ್ದಳು.

ಶುಕ್ರವಾರ ಕ್ಲಾಸಿನೆದುರು ಹೊರಬಿದ್ದವರ ಸಂದರ್ಶನ. ಪದ್ಧತಿಯಂತೆ ಮ್ಯಾಮ್ ಹಳೆಯ ಪ್ರೆಸಿಡೆಂಟನ್ನು ಕೇಳಿದರು, "ಕ್ಲೆಂಟ್, ಇವಳನ್ನ ಯಾಕೆ ತೆಗೆದೆ?"

ಓವನ್ನಿನ ಕಥೆ ಹೇಳುವಂತಿರಲಿಲ್ಲ. ಕ್ಲೆಂಟ್ ತನ್ನ ಆ ಚೆಂದದ ನಗು ನಕ್ಕ. "ಕೆಲಸ ಮಾಡ್ತಾಳೆ ಮ್ಯಾಮ್. ಆದ್ರೆ ಯಾರಾದ್ರೂ ಸ್ವಲ್ಪ ನಕ್ಕು ಮಾತಾಡಿಸಿದ್ರೆ ಸಾಕು, ಇನ್ನೇನೋ ಅಂದ್ಕೊಂಡ್ಬಿಡ್ತಾಳೆ."

ಕ್ಲಾಸು ಗೊಳ್ಳೆಂದು ನಕ್ಕಿತು. ಡೆಲ್ಫಾ ಅಲ್ಲೇ ನಿಂತಿದ್ದಳು, ಆ ನಗುವೆಲ್ಲ ಮುಗಿಯುವ ತನಕ. ಕಿವಿ ಮಾತ್ರ ಕೆಂಪಗಾಗಿತ್ತು.

ಬಾಗಿಲ ಹತ್ತಿರದ ಬೆಂಚಿನಿಂದ ಯೆಸ್ಸಾ ಎದ್ದಳು. ಮೀನಿನ ಹಪ್ಪಳದ ಕಂಪನಿಯ ಪ್ರೆಸಿಡೆಂಟ್, ಮುಖದಲ್ಲಿ ಒಂದು ಗೆರೆಯನ್ನೂ ಸಡಿಲಿಸದ ಹುಡುಗಿ.

"ನಮ್ಮ ಕಂಪನೀಲಿ ಯಾರೂ ನಗೋದೇ ಇಲ್ಲ ಮ್ಯಾಮ್. ಇವಳಿಗೆ ತೊಂದರೆ ಇಲ್ಲ. ತಗೋತೀವಿ."

ಡೆಲ್ಫಾ ಹಪ್ಪಳ ಕರಿಯಲು ನಿಂತಳು. ಕೂದಲಿಗೆಲ್ಲ ಒಣಮೀನಿನ ವಾಸನೆ. ಕಾರಿಡಾರಿನಲ್ಲಿ ಕ್ಲೆಂಟ್ ಎದುರಾದರೆ ಅವಳ ಕೈ ಇನ್ನೂ ತಾನಾಗಿ ಕೂದಲು ಸರಿಮಾಡಿಕೊಳ್ಳುತ್ತಿತ್ತು, ಅದಕ್ಕೆ ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಪ್ರೀತಿಯನ್ನು ವಜಾ ಮಾಡುವ ವಾರ ಯಾವ ಕಾಲೇಜಿನಲ್ಲೂ ಇಲ್ಲ.

ಅತ್ತ ನುಗ್ಗೆಸೊಪ್ಪಿನ ಕಂಪನಿ ನೆಲ ಕಚ್ಚಿತು. ಡೆಲ್ಫಾ ಹೋದ ಮೇಲೆ ಬಿಸ್ಕತ್ತು ಕಲ್ಲಾಯಿತು, ಬೈಸಿಕೊಂಡ ನೋನಿ ಮುನಿಸಿಕೊಂಡು ಓವನ್ನನ್ನೂ ಕಿತ್ತುಕೊಂಡ. ಮ್ಯಾಮ್ ಕಂಪನಿಯನ್ನೇ ಮುಚ್ಚಿಸಿದರು. ಉಳಿದವರು ಅಲ್ಲಲ್ಲಿ ನುಸುಳಿಕೊಂಡರು. ಮುಳುಗಿಸಿದ ಪ್ರೆಸಿಡೆಂಟನ್ನು ಮಾತ್ರ ಯಾರೂ ಸೇರಿಸಿಕೊಳ್ಳಲಿಲ್ಲ. ಅಷ್ಟರಲ್ಲಿ ಹಪ್ಪಳದ ಕಂಪನಿಯ ಒಬ್ಬ ಹುಡುಗ ಮನಿಲಾಗೆ ಹೊರಟುಹೋದ. ಇಡೀ ಕ್ಲಾಸಿಗೆ ಉಳಿದಿದ್ದ ಜಾಗ ಅದೊಂದೇ. ಕೊನೆಯ ದಿನ ಮತ್ತೆ ಶುಕ್ರವಾರ.

"ಜನರ ಆಯ್ಕೆ ಈಗ ನಿನ್ ಜವಾಬ್ದಾರಿ" ಎಂದಳು ಯೆಸ್ಸಾ. "ಅವನು ಬೇಕೋ ಬೇಡ್ವೋ, ನೀನೇ ಹೇಳು."

ಡೆಲ್ಫಾ ಕ್ಲೆಂಟ್‌ಗೆ ಮೆಸೇಜ್ ಹಾಕಿದಳು: ಬಾಚೊಯ್ ತಿನ್ನೋಣ ಬಾ.

ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈಯಲ್ಲಿ ಮಲ್ಲಿಗೆಯಂಥ ಸಂಪಗಿತಾ ಮೊಗ್ಗಿನ ಮಾಲೆ ಹಿಡಿದು ಬಂದ. ಇದು ವಜಾ ವಾರವಲ್ಲವಲ್ಲ, ಪಾಪ. ಅಂಗಡಿಯ ಅಕ್ಕ, ಎಲ್ಲರ ಮಾನಾಂಗ್, ಮಾಲೆ ನೋಡಿ ಡೆಲ್ಫಾಗೆ ಕಣ್ಣು ಮಿಟುಕಿಸಿದಳು. "ಇಂದೈ, ನನ್ ಮಗಳೇ, ಇವತ್ತು ಜಾಸ್ತಿ ಮಜ್ಜೆ ಹಾಕ್ಲಾ?"

"ಹಾಕಿ ಮಾನಾಂಗ್."

ಬಂದ ಮಜ್ಜೆಯನ್ನು ಡೆಲ್ಫಾ ತಾನೇ ಅವನ ಬಟ್ಟಲಿಗೆ ಜಾರಿಸಿದಳು. ಅವನ ಕಣ್ಣು ತುಂಬಿತು.

"ಅವತ್ತು ಕ್ಲಾಸಲ್ಲಿ ಹಾಗೆ ಅಂದೆನಲ್ಲ, ಸುಳ್ಳು" ಎಂದ. "ನೀನು ಇನ್ನೇನೋ ಅಂದ್ಕೊಂಡಿದ್ಯಲ್ಲ, ಇದ್ದದ್ದೇ ಅದು. ನಂಗೆ ನೀನಂದ್ರೆ ಪ್ರಾಣ, ಡೆಲ್ಫಾ."

ಈ ಮಾತಿಗಾಗಿ ಅವಳು ಎಷ್ಟು ಕಾದಿದ್ದಳು! "ಇನ್ನೊಂದ್ಸಲ ಹೇಳು" ಎಂದಳು.

"ನೀನಂದ್ರೆ ಪ್ರಾಣ."

ಅವಳಿಗೆ ಗೊತ್ತಾಯಿತು, ಅವನು ಸುಳ್ಳು ಹೇಳುತ್ತಿಲ್ಲ. ಸುಳ್ಳಾಗಿದ್ದರೆ ಸುಲಭವಿತ್ತು. ಟೇಬಲ್ ದಾಟಿ ಕೈ ಚಾಚಿ, ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನಂಗೂ ಅಷ್ಟೇ, ಕ್ಲೆಂಟ್. ಇವತ್ತಿಗೂ."

"ಹಾಗಾದ್ರೆ..."

"ಆ ಜಾಗ ಖಾಲೀನೇ ಬಿಡ್ತಿದೀವಿ." ಅವಳ ದನಿ ಮೆತ್ತಗಿತ್ತು. "ಬೇರೆ ಯಾರಾದ್ರೂ ಆಗಿದ್ರೆ ಬೇಜಾರು ಮಾಡ್ಕೋತಿದ್ರು. ನೀನಾದ್ರೆ ಅರ್ಥ ಮಾಡ್ಕೋತೀಯ."

ಅವನ ಕೈ ಅವಳ ಕೈಯೊಳಗೆ ತಣ್ಣಗಾಯಿತು. ಅವಳು ಎರಡೂ ಬಟ್ಟಲಿನ ದುಡ್ಡು ಕೊಟ್ಟು, ಮಾಲೆಯನ್ನು ಅಲ್ಲೇ ಬಿಟ್ಟು, ಮಾರ್ಕೆಟ್ಟಿನ ತಿರುವಿನ ತನಕ ನೆಟ್ಟಗೆ ನಡೆದಳು. ತಿರುವಿನಾಚೆ, ಕೋಳಿ ಮಾರುವವರ ಮಧ್ಯೆ ನಿಂತು, ಬಿಕ್ಕಿ ಬಿಕ್ಕಿ ಅತ್ತಳು.

ಪದವಿಯ ದಿನ ಹಾಂಗ್‌ಕಾಂಗಿನಿಂದ ಬಂದ ತಾಯಿ ಮಗಳ ಗೌನಿನ ಕಾಲರು ಸರಿಮಾಡುತ್ತಾ, ಸಾಲಾಗಿ ನಿಂತ ಹುಡುಗರ ಮುಖಗಳನ್ನೆಲ್ಲ ಹುಡುಕಿದಳು.

"ಎಲ್ಲೇ ಇಂದೈ ಅವನು? ಫೋನಲ್ಲಿ ಹೇಳ್ತಿದ್ದೆಯಲ್ಲ, ಕೆನ್ನೆ ಮೇಲಿನ ಹಿಟ್ಟು ಒರೆಸ್ತಾನೆ ಅಂತ?"

ಡೆಲ್ಫಾ ತನ್ನ ಕೆನ್ನೆಯನ್ನು ಒಮ್ಮೆ ಮುಟ್ಟಿಕೊಂಡಳು.

"ಅವನಿಗೆ ಈ ಸಲ ಪದವಿ ಇಲ್ಲ, ಅಮ್ಮಾ" ಎಂದಳು. "ನಾನೇ ಬೇಡ ಅಂದೆ."