ಅಳಿಸಿದ್ದಕ್ಕೂ ಅಂಕ

೨೦೦೬ರ ಜೂನ್ ೧೨, ಸೋಮವಾರ. ಬೆಳಿಗ್ಗೆ ಕೊಪ್ಪ ಠಾಣೆಗೆ ದೂರು ಬಂತು. ಬಾಳಗಡಿಯ ಟೈಪಿಂಗ್ ಕೇಂದ್ರದಿಂದ ಒಂದು ಕಂಪ್ಯೂಟರ್ ಕಳುವಾಗಿತ್ತು. ದೂರು ಕೊಟ್ಟವನು ಅಲ್ಲಿನ ಮ್ಯಾನೇಜರ್ ಅರುಣ. ಮಾಲೀಕರು ಇರುವುದು ನರಸಿಂಹರಾಜಪುರದಲ್ಲಿ. ಎಫ್‌ಐಆರ್ ದಾಖಲಾಯಿತು.

“ಯಾರ ಮೇಲಾದ್ರೂ ಅನುಮಾನ?” ಇನ್ಸ್‌ಪೆಕ್ಟರ್ ಶಾಂತವೀರಪ್ಪ ಕೇಳಿದರು.

“ಆಸಿಫಾ ಅಂತ. ಶನಿವಾರ ಕೆಲಸದಿಂದ ತೆಗ್ದಿದ್ದೆ ಸಾರ್. ಯಾರೆಷ್ಟು ಟೈಪ್ ಮಾಡಿದ್ರು ಅಂತ ಸಾಫ್ಟ್‌ವೇರೇ ಅಳೀತದೆ. ಅವಳು ಯಾವಾಗ್ಲೂ ಕೊನೆ.”

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗಾಯಿತು. ಯಂತ್ರವೇ ಹೇಳಿದ ಮೇಲೆ ಇನ್ನೇನೆಂದು ಜೀಪು ನೇರ ಆಸಿಫಾಳ ಮನೆ ಮುಂದೆ ನಿಂತಿತು. ಇಡೀ ಕೇರಿ ನೋಡುತ್ತಿರುವಾಗಲೇ ಟ್ರಂಕು, ಹಾಸಿಗೆ ಎಲ್ಲ ಜಾಲಾಡಿದರು. ಏನೂ ಸಿಗಲಿಲ್ಲ. ಹುಡುಗಿ ತಲೆ ಎತ್ತಲಿಲ್ಲ.

ಮಧ್ಯಾಹ್ನ ಕೇಂದ್ರದಲ್ಲಿ ಸ್ಥಳ ಪಂಚನಾಮೆ. ಉಳಿದ ಕಂಪ್ಯೂಟರುಗಳಲ್ಲೂ ಅದೇ ಸಾಫ್ಟ್‌ವೇರ್ ಇತ್ತು. ಸುಮ್ಮನೆ ಕುಳಿತಿದ್ದ ಕಾನ್‌ಸ್ಟೇಬಲ್ ಬೂತಪ್ಪ ತಮ್ಮ ಹೆಸರು ಟೈಪ್ ಮಾಡಲು ಹೋದರು. ಒತ್ತುವುದು, ತಪ್ಪುವುದು, ಅಳಿಸುವುದು. ಹೆಸರು ಪೂರ್ತಿಯಾಗಲೇ ಇಲ್ಲ; ಅಂಕ ಮಾತ್ರ ಏರುತ್ತಲೇ ಇತ್ತು.

“ಸಾರ್, ನಾನೇ ಫಸ್ಟು!”

ಶಾಂತವೀರಪ್ಪ ನಗಲಿಲ್ಲ. ಒತ್ತಿದ್ದನ್ನೆಲ್ಲ ಸಾಫ್ಟ್‌ವೇರ್ ಎಣಿಸುತ್ತಿತ್ತು, ಅಳಿಸಲು ಒತ್ತಿದ್ದನ್ನೂ. ತಪ್ಪು ಮಾಡಿದಷ್ಟೂ ಅಂಕ. ತಪ್ಪಿಲ್ಲದೆ ಟೈಪ್ ಮಾಡುವವಳು ಕೊನೆಗೆ ಬರದೆ ಇನ್ನೇನು? ಬೆಳಗಿನ ಜೀಪು ನೆನಪಾಗಿ ಅವರಿಗೆ ನಾಚಿಕೆಯಾಯಿತು.

ಅಂಕದಲ್ಲಿ ಯಾವಾಗಲೂ ಮೊದಲು ಬರುತ್ತಿದ್ದ ಟೈಪಿಸ್ಟ್ ಕಾವ್ಯಳನ್ನು ಕರೆಸಿದರು.

“ಇದು ನಿಂಗೆ ಗೊತ್ತಿತ್ತಾ?”

“ಶನಿವಾರ ಆಸಿಫಾ ಅಳ್ತಾ ಹೋದ್ಮೇಲೆ ಅರುಣ್ ಸಾರ್‌ಗೆ ಹೇಳ್ದೆ. ಜಾಸ್ತಿ ತಪ್ಪು ಮಾಡೋಳು ನಾನು, ನಾನೇ ಫಸ್ಟ್ ಹೆಂಗೆ ಅಂತ. ಅವರೂ ಒತ್ತಿ ನೋಡಿದ್ರು. ಯಾರಿಗೂ ಹೇಳ್ಬೇಡ ಅಂದ್ರು.”

ದೂರು ಕೊಡುವಾಗ ಅರುಣ ಈ ಮಾತೆತ್ತಿರಲಿಲ್ಲ. ಸಂಜೆ ಪಂಚರೊಂದಿಗೆ ಅವನ ಬಾಡಿಗೆ ಮನೆ ಶೋಧಿಸಿದರು. ಎಲ್ಲರ ಅಂಕಗಳಿದ್ದ ಆ ಕಂಪ್ಯೂಟರ್ ಬಚ್ಚಲ ಸೌದೆಯ ಹಿಂದೆ ಸಿಕ್ಕಿತು.

“ಆಸಿಫಾಗೆ ತಪ್ಪಾಯ್ತು, ವಾಪಸ್ ಬಾ ಅಂದಿದ್ರೆ ಮುಗೀತಿತ್ತಲ್ಲ ಮಾರಾಯ?”

“ಎಲ್ರ ಮುಂದೆ ನಿಲ್ಸಿ ಸೋಮಾರಿ ಅಂದಿದ್ದೆ ಸಾರ್. ಮಾಲೀಕರು ಇವತ್ತು ಅಂಕದ ಲೆಕ್ಕ ನೋಡೋಕೆ ಬರೋರಿದ್ರು, ನೋಡಿದ್ರೆ ನನ್ನ ತಪ್ಪು ಗೊತ್ತಾಗ್ತಿತ್ತು. ಯಾವ ಮುಖ ಇಟ್ಕೊಂಡು ಹೇಳೋದು?”

“ಅವಳ ಹೆಸರು ಯಾಕೆ ಕೊಟ್ಟೆ?”

ಅರುಣ ಮುಖ ಮುಚ್ಚಿಕೊಂಡು ಅತ್ತ. ಅವನನ್ನು ಬಂಧಿಸಿ ಬೂತಪ್ಪನವರ ಜೊತೆ ಠಾಣೆಗೆ ಕಳಿಸಿದರು.

ಶಾಂತವೀರಪ್ಪ ಆಸಿಫಾಳ ಮನೆಗೆ ನಡೆದೇ ಹೋದರು. ಬಾಗಿಲಿಗೆ ಬಂದವರು ತಾಯಿ ಗುಲ್ಜಾರ್ ಬೇಗಂ.

“ತಪ್ಪು ನಮ್ಮದಮ್ಮ. ನಿಮ್ಮ ಮಗಳದ್ದು ಏನೂ ಇಲ್ಲ.”

“ಬೆಳಿಗ್ಗೆ ಕೇರಿ ಪೂರ್ತಿ ನಿಂತಿತ್ತು ಸಾರ್. ಈಗ ಹೇಳಿದ್ರೆ ಕೇಳೋರು ಯಾರು?”

ಶಾಂತವೀರಪ್ಪ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡರು. ಹೋಗಿ ಪಕ್ಕದ ಮನೆಯ ಬಾಗಿಲು ತಟ್ಟಿದರು.